ಹೆಸರು ಹೇಳದ ದಾನಿ

ಹತ್ತಾರು ಜನರಿಂದ ನೆಟ್‌ನಲ್ಲಿ ದುಡ್ಡು ಕೂಡಿಸೋದು ಅಂದ್ರೆ ನನ್ನಂಥ ಕಂಪ್ಯೂಟರ್ ಕುಟ್ಟೋರಿಗೆ ಥಟ್ಟನೆ ನೆನಪಾಗೋದು ೨೦೦೯ರ ಕಿಕ್‌ಸ್ಟಾರ್ಟರ್. ಅದಕ್ಕೂ ಒಂಬತ್ತು ವರ್ಷ ಮುಂಚೆ, ೨೦೦೦ದಲ್ಲೇ, ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಬ್ಬ ಮೇಷ್ಟ್ರು ಇದನ್ನ ಶುರುಮಾಡಿದ್ರು. ಹೆಸರು ಚಾರ್ಲ್ಸ್ ಬೆಸ್ಟ್, ಸೈಟು ಡೋನರ್ಸ್‌ಚೂಸ್.

ಅಲ್ಲಿನ ಮೇಷ್ಟ್ರುಗಳು ಪುಸ್ತಕ, ಬಣ್ಣಗಳಿಗೆ ತಮ್ಮ ಜೇಬಿನಿಂದಲೇ ಖರ್ಚು ಮಾಡ್ತಿದ್ರು. "ಬೇಕಾದ್ದನ್ನ ಸೈಟಲ್ಲಿ ಬರೀರಿ" ಅಂತ ಬೆಸ್ಟ್ ಸಹೋದ್ಯೋಗಿಗಳನ್ನ ಪುಸಲಾಯಿಸಿದ್ರು. ಲಂಚ, ಅಮ್ಮ ಮಾಡಿದ ಪೇರ್ ಹಣ್ಣಿನ ಸಿಹಿ! ಕೋರಿಕೆಗಳೇನೋ ಬಂದವು, ದಾನಿಗಳೆಲ್ಲಿ? ಮೊದಮೊದಲ ಬಹುತೇಕ ಕೋರಿಕೆಗಳಿಗೆ ಅವರೇ ಹೆಸರು ಹೇಳದೆ ದುಡ್ಡು ಹಾಕಿದ್ರು. ಸುದ್ದಿ ಹಬ್ಬಿತು. ಆಮೇಲೆ ಅವರ ವಿದ್ಯಾರ್ಥಿಗಳು ಕೂತು ಅಪರಿಚಿತರಿಗೆ ಕೈಯಲ್ಲೇ ಸುಮಾರು ೨೦೦೦ ಪತ್ರ ಬರೆದ್ರು. ೨೦೦೩ರಲ್ಲಿ ಓಪ್ರಾ ವಿನ್‌ಫ್ರೀ ಟೀವಿಯಲ್ಲಿ ಹೇಳಿದ್ದೇ ತಡ, ಜನ ನುಗ್ಗಿ ಸೈಟೇ ಮಲಗಿತು. ೨೦೧೮ರಲ್ಲಿ ರಿಪಲ್ ಕಂಪನಿ ೨.೯ ಕೋಟಿ ಡಾಲರ್ ಕೊಟ್ಟು ಬಾಕಿಯಿದ್ದ ಎಲ್ಲ ಕೋರಿಕೆಗಳನ್ನೂ ತೀರಿಸಿತು.

ಖುಷಿಯ ಕಥೆಯೇ. ಆದ್ರೆ ೨೦೦೨ರಲ್ಲೇ ಅಮೆರಿಕ ಸರ್ಕಾರ, ಮೇಷ್ಟ್ರು ತರಗತಿಗೆ ಸ್ವಂತ ದುಡ್ಡು ಹಾಕಿದ್ರೆ ೨೫೦ ಡಾಲರ್‌ವರೆಗೆ ತೆರಿಗೆ ಲೆಕ್ಕದಲ್ಲಿ ಕಳೆದುಕೊಳ್ಳಬಹುದು ಅಂತ ಕಾನೂನು ಮಾಡಿತ್ತು. ಅಂದ್ರೆ ಕೊರತೆ ಗೊತ್ತಿತ್ತು. ತುಂಬೋ ಕೆಲಸ ಮಾತ್ರ ಮೇಷ್ಟ್ರದ್ದು. ಮೊದಲ ಗುಪ್ತದಾನಿಯೂ ಒಬ್ಬ ಮೇಷ್ಟ್ರೇ ಆಗಿದ್ದು ಕಾಕತಾಳೀಯ ಅಂತೀರಾ?