ನಿಯಮದಿಂದ ಹೊರಬಿದ್ದ ಸೈಕಲ್ಲು

ಶಿಗ್ಗಾಂವಿ, ಸವಣೂರು, ಹಾನಗಲ್ಲ, ನಮ್ಮ ದುಂಡಸಿ – ಈ ಭಾಗದ ಯಾವ ಊರಿನ ಹಿರಿಯರನ್ನು ಕೇಳಿದರೂ ಒಂದು ಸೈಕಲ್ ಅಂಗಡಿಯ ನೆನಪು ಹೇಳುತ್ತಾರೆ. ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುವುದು, ಪಂಚರ್ ತೆಗೆಯುವುದು, ರಿಮ್ಮಿನ ಬೆಂಡು ತೆಗೆಯುವುದು ಅಲ್ಲಿಯ ಕೆಲಸ. ಈ ಉದ್ಯೋಗದಲ್ಲಿ ನಮ್ಮ ಸಮಾಜದವರು ಬಹಳ. ಮುಸ್ಲಿಮರಲ್ಲಿ ಸಂಬಳದ ನೌಕರಿ ಕಡಿಮೆ, ಸ್ವಂತ ಕಸುಬು ಹೆಚ್ಚು ಎಂಬುದನ್ನು 2006ರ ಸಾಚಾರ್ ಸಮಿತಿಯ ವರದಿಯೂ ತೋರಿಸಿತು. ಇತ್ತೀಚಿನ ವರ್ಷಗಳಲ್ಲಿ ‘ಪಂಚರ್ ತೆಗೆಯುವವರು’ ಎಂಬ ಮಾತು ನಮ್ಮ ಮಕ್ಕಳನ್ನು ಮೂದಲಿಸುವ ಮಾತಾಗಿದೆ. ಈ ಮೂದಲಿಕೆಗೆ ಸಿಟ್ಟಿನ ಉತ್ತರ ಕೊಡುವುದಕ್ಕಿಂತ ಒಂದು ವಾಹನದ ಚರಿತ್ರೆಯನ್ನು ವಿದ್ಯಾರ್ಥಿಗಳ ಮುಂದಿಡುವುದು ಲೇಸು ಎಂದು ನನಗೆ ತೋರಿತು.

ಆ ವಾಹನಕ್ಕೆ ಇಂಗ್ಲಿಷಿನಲ್ಲಿ ರಿಕಂಬೆಂಟ್ ಸೈಕಲ್ ಎನ್ನುತ್ತಾರೆ. ಬೆನ್ನು ಹಿಂದಕ್ಕೆ ಒರಗಿಸಿ ಕುಳಿತು, ಕಾಲು ಮುಂದಕ್ಕೆ ಚಾಚಿ ಪೆಡಲ್ ತುಳಿಯಬೇಕು. ಆರಾಮ ಕುರ್ಚಿಗೆ ಗಾಲಿ ಹಚ್ಚಿದಂತೆ ಕಾಣುತ್ತದೆ. ಕನ್ನಡದಲ್ಲಿ ನಾವು ಇದನ್ನು ಒರಗು ಸೈಕಲ್ ಎನ್ನಬಹುದು. ಇದು ನಮಗೆ ತೀರ ಅಪರಿಚಿತವೂ ಅಲ್ಲ. ವಿಕಲಚೇತನರು ಕೈಯಿಂದ ತಿರುಗಿಸಿಕೊಂಡು ಹೋಗುವ ಮೂರು ಗಾಲಿಯ ಸೈಕಲ್ ಇದರ ಹತ್ತಿರದ ಬಳಗ. ಅದರ ಮೂಲಪುರುಷನೂ ವಿಕಲಚೇತನ ಕಸುಬುದಾರನೇ. ಜರ್ಮನಿಯ ನ್ಯೂರೆಂಬರ್ಗ್ ಸೀಮೆಯ ಗಡಿಯಾರ ತಯಾರಕ ಸ್ಟೀಫನ್ ಫಾರ್ಫ್ಲರ್ ನಡೆಯಲಾರದವನಾಗಿದ್ದ. 1655ರಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ಕೈಹಿಡಿಕೆ ತಿರುಗಿಸಿ ಹಲ್ಲುಚಕ್ರಗಳಿಂದ ಓಡುವ ಮೂರು ಗಾಲಿಯ ಬಂಡಿಯನ್ನು ತನಗಾಗಿ ತಾನೇ ಮಾಡಿಕೊಂಡ. ಎರಡು ಗಾಲಿಯ ವಾಹನವನ್ನು ಬ್ಯಾರನ್ ಡ್ರೈಸ್ ಓಡಿಸಿ ತೋರಿಸಿದ್ದು 1817ರಲ್ಲಿ. ಅಂದರೆ ಸೈಕಲ್ಲಿಗಿಂತ 162 ವರ್ಷ ಮೊದಲು!

ಇಲ್ಲಿ ಕೆಲವರು ಅಲ್-ಜಝರಿಯ ಹೆಸರು ಹೇಳಿಯಾರು. ಇಂದಿನ ತುರ್ಕಿಯ ದಿಯಾರ್‌ಬಕೀರಿನ ಅರಸರಲ್ಲಿ ಸೇವೆಯಲ್ಲಿದ್ದ ಆ ಮಹಾಶಿಲ್ಪಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ ನೀರೆತ್ತುವ ಯಂತ್ರಗಳಿಗೆ ಕ್ರ್ಯಾಂಕ್ ಬಳಸಿದ್ದನ್ನು ಚಿತ್ರಸಹಿತ ವಿವರಿಸಿದ್ದಾನೆ. ಸೈಕಲ್ಲಿನ ಪೆಡಲ್ ತೋಳು ಕೂಡ ಕ್ರ್ಯಾಂಕೇ. ಆದರೆ ಎಲ್ಲವನ್ನೂ ನಮ್ಮವರೇ ಕಂಡುಹಿಡಿದರು ಎಂದು ಹೇಳಿಕೊಳ್ಳುವ ಚಟ ನನಗೆ ಒಪ್ಪಿಗೆಯಿಲ್ಲ. ಜಝರಿಯಲ್ಲಿ ನಾನು ಮೆಚ್ಚುವುದು ಬೇರೆ. ಆತ ಮಾಡುವವನೂ ಆಗಿದ್ದ, ಬರೆಯುವವನೂ ಆಗಿದ್ದ. ಉರ್ದುವಿನಲ್ಲಿ ಇಲ್ಮ್ ಮತ್ತು ಹುನರ್ ಎಂಬ ಎರಡು ಮಾತುಗಳನ್ನು ಜೋಡಿಯಾಗಿಯೇ ಹೇಳುತ್ತೇವೆ. ನಮ್ಮಲ್ಲಿ ಶಾಲೆಯಲ್ಲಿ ಉಳಿದವನಿಗೆ ಹುನರ್ ಇಲ್ಲ, ಶಾಲೆ ಬಿಟ್ಟು ಗ್ಯಾರೇಜಿಗೆ ಹೋದವನಿಗೆ ಇಲ್ಮ್ ಇಲ್ಲ.

ಒರಗು ಸೈಕಲ್ಲಿನ ಮುಖ್ಯ ಅಧ್ಯಾಯ ನಡೆದದ್ದು ಫ್ರಾನ್ಸಿನಲ್ಲಿ. ಚಾರ್ಲ್ಸ್ ಮೊಶೆ ಎಂಬಾತ ಚಿಕ್ಕ ಕಾರುಗಳನ್ನು ಮಾಡುತ್ತಿದ್ದ. ಮಗ ಜಾರ್ಜ್ ಸೈಕಲ್ ಬೇಕೆಂದು ಹಟ ಹಿಡಿದಾಗ ತಾಯಿ, ಸೈಕಲ್ ಅಪಾಯ, ಬೇಡ ಎಂದಳು. (ತಾಯಂದಿರು ಎಲ್ಲ ದೇಶದಲ್ಲೂ ಒಂದೇ.) ಮೊಶೆ ಮಗನಿಗಾಗಿ ಬೀಳಲಾರದ, ನಾಲ್ಕು ಗಾಲಿಯ ಪೆಡಲ್ ಗಾಡಿ ಮಾಡಿಕೊಟ್ಟ. ಕುಳಿತು ತುಳಿಯುವ ಆ ಗಾಡಿಯ ವೇಗ ಕಂಡು ದೊಡ್ಡವರಿಗೂ ಮಾಡಿದ. ವೆಲೋಕಾರ್ ಎಂದು ಹೆಸರಿಟ್ಟ. ಮುಂದೆ ಅದನ್ನು ನಡುವೆ ಸೀಳಿದಂತೆ ಎರಡು ಗಾಲಿಯ ಒರಗು ಸೈಕಲ್ಲನ್ನೂ ಸಿದ್ಧಪಡಿಸಿದ. 1933ರ ಜುಲೈ 7ರಂದು ಫ್ರಾನ್ಸಿಸ್ ಫೋರ್ ಎಂಬ ಸವಾರ ಪ್ಯಾರಿಸ್ಸಿನಲ್ಲಿ ಇದರ ಮೇಲೆ ಒಂದು ತಾಸಿನಲ್ಲಿ 45.055 ಕಿ.ಮೀ. ಕ್ರಮಿಸಿದ. ಅದಕ್ಕೂ ಮೊದಲು ಆಸ್ಕರ್ ಎಗ್ 1914ರಲ್ಲಿ ಮಾಡಿದ್ದ 44.247 ಕಿ.ಮೀ. ದಾಖಲೆ ಹತ್ತೊಂಬತ್ತು ವರ್ಷ ಅಲುಗಾಡಿರಲಿಲ್ಲ. ಫೋರ್ ಎರಡನೆಯ ದರ್ಜೆಯ ಸವಾರ ಎಂಬುದನ್ನು ನೆನಪಿಡಬೇಕು.

ಬಹುಮಾನ ಬರಬೇಕಿತ್ತು, ಬಹಿಷ್ಕಾರ ಬಂತು. ಇದು ಸೈಕಲ್ಲೇ ಅಲ್ಲ ಎಂಬ ವಾದ ಎದ್ದಿತು. 1934ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸೈಕಲ್ ಎಂದರೇನು ಎಂಬುದಕ್ಕೆ ಹೊಸ ವ್ಯಾಖ್ಯೆ ಮಾಡಿ, ಒರಗು ಸೈಕಲ್ಲನ್ನು ಪಂದ್ಯಗಳಿಂದ ಹೊರಗಿಟ್ಟಿತು. ಮೊಶೆ ಅದೇ ವರ್ಷ ತೀರಿಕೊಂಡ. ಪಂದ್ಯವಿಲ್ಲದ ಸೈಕಲ್ಲನ್ನು ದೊಡ್ಡ ಕಾರ್ಖಾನೆಗಳು ಏಕೆ ಮಾಡಿಯಾವು? ಓಟದಲ್ಲಿ ಗೆದ್ದು ಕಾಗದದಲ್ಲಿ ಸೋತ ವಾಹನ ಇದು. ಮುಂದಿನ ನಾಲ್ಕು ದಶಕ ಇದನ್ನು ಬದುಕಿಸಿದವರು ಮನೆಯ ಹಿತ್ತಲಲ್ಲಿ ಕೊಳವೆ ಕತ್ತರಿಸಿ ಬೆಸೆಯುತ್ತಿದ್ದ ಹವ್ಯಾಸಿಗಳು. 1976ರಲ್ಲಿ ಮಾನವಶಕ್ತಿ ವಾಹನಗಳ ಸಂಘ ಅಮೆರಿಕದಲ್ಲಿ ಸ್ಥಾಪನೆಯಾದ ಮೇಲೆ ಇಂಥವಕ್ಕೆ ಮತ್ತೆ ಪಂದ್ಯ ಸಿಕ್ಕಿತು. 2016ರಲ್ಲಿ ನೆವಾಡಾದ ಸಮತಟ್ಟು ರಸ್ತೆಯಲ್ಲಿ ಟಾಡ್ ರೈಕರ್ಟ್ ಎಂಬಾತ ಹೊದಿಕೆ ಹಚ್ಚಿದ ಒರಗು ಸೈಕಲ್ಲನ್ನು ಮೋಟಾರಿಲ್ಲದೆ, ಕಾಲ್ಬಲದಿಂದಲೇ, ತಾಸಿಗೆ 144.17 ಕಿ.ಮೀ. ವೇಗದಲ್ಲಿ ಓಡಿಸಿದ.

ಇದರ ಗುಟ್ಟು ಹೈಸ್ಕೂಲಿನ ವಿಜ್ಞಾನದಲ್ಲೇ ಇದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಸೀಳಲು ಬೇಕಾದ ಶಕ್ತಿ ಎಂಟು ಪಟ್ಟು. ನೆಟ್ಟಗೆ ಕುಳಿತವನ ಎದೆ ಗಾಳಿಗೆ ಗೋಡೆಯಂತೆ ನಿಲ್ಲುತ್ತದೆ. ಒರಗಿದವನು ಗಾಳಿಯ ಕೆಳಗೆ ನುಸುಳುತ್ತಾನೆ. ದೋಷವೂ ಉಂಟು. ಏರು ಬಂದಾಗ ಪೆಡಲ್ ಮೇಲೆ ನಿಂತು ಮೈಭಾರ ಹಾಕಲು ಬರುವುದಿಲ್ಲ. ನಿಂತಲ್ಲಿಂದ ಹೊರಡುವಾಗ ತೂಕ ಹಿಡಿಯುವುದು ಕಷ್ಟ. ವಿದ್ಯುತ್ ಮೋಟಾರು ಸಹಾಯಕ್ಕೆ ಬರುವುದು ಸರಿಯಾಗಿ ಈ ಎರಡು ಕಡೆಗೇ. ಸಾಮಾನ್ಯ ಸೈಕಲ್ಲಿಗಿಂತ ಒರಗು ಸೈಕಲ್ಲಿಗೆ ಮೋಟಾರು ಹೆಚ್ಚು ಒಪ್ಪುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿ.

ಮೋಟಾರಿನ ಕಥೆಯೂ ಹಳೆಯದು. 1881ರಲ್ಲಿ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಬೀದಿಯಲ್ಲಿ ಬ್ಯಾಟರಿಯ ಮೂರು ಗಾಲಿಯ ಸೈಕಲ್ ಓಡಿಸಿದ. 1895ರ ಡಿಸೆಂಬರ್ 31ರಂದು ಅಮೆರಿಕದ ಓಹಾಯೊದ ಆಗ್ಡೆನ್ ಬೋಲ್ಟನ್ ಹಿಂದಿನ ಗಾಲಿಯ ಹಬ್ಬಿನೊಳಗೇ ಮೋಟಾರು ಅಡಗಿಸಿದ ಸೈಕಲ್ಲಿಗೆ ಪೇಟೆಂಟ್ ಪಡೆದ. ಇಂದು ಪೇಟೆಯಲ್ಲಿ ಸಿಗುವ ಹಬ್ ಮೋಟಾರಿನ ಕಲ್ಪನೆ ಅದೇ. ಆತನಿಗೆ ಸಿಗದಿದ್ದದ್ದು ಹಗುರ ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ.

ನಮ್ಮ ರಾಜ್ಯದ ಪಾಲೂ ಇಲ್ಲಿ ಸಣ್ಣದಲ್ಲ. ಬೆಂಗಳೂರಿನ ಚೇತನ್ ಮೈನಿ ಅಮೆರಿಕದಲ್ಲಿ ಓದುವಾಗ 1990ರ ಸೌರ ಕಾರು ಪಂದ್ಯ ಗೆದ್ದ ವಿದ್ಯಾರ್ಥಿ ತಂಡದಲ್ಲಿದ್ದರು. ವಿದ್ಯಾರ್ಥಿಗಳು ತಾವೇ ಕಟ್ಟಿದ ಗಾಡಿ ಅದು. ಅವರ ರೇವಾ ವಿದ್ಯುತ್ ಕಾರು 2001ರಲ್ಲಿ ಬೆಂಗಳೂರಿನಲ್ಲಿ ಮಾರಾಟಕ್ಕೆ ಬಂತು. 2010ರಲ್ಲಿ ಆ ಕಂಪನಿ ಮಹೀಂದ್ರದ ಪಾಲಾಯಿತು. ವಿದ್ಯುತ್ ವಾಹನಗಳಿಗೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ.

ಹಾಗಾದರೆ ದುಂಡಸಿಯಂಥ ಊರಿನಲ್ಲಿ ಇಂಥದೊಂದನ್ನು ಮಾಡಲು ಏನು ಬೇಕು? 2006-07ರಿಂದ ಸರ್ಕಾರ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ತುಕ್ಕು ಹಿಡಿದ ಅಂಥ ಎರಡು ಸೈಕಲ್ಲು, ಚೌಕ ಕೊಳವೆ, ವೆಲ್ಡಿಂಗ್ ಅಂಗಡಿಯ ಒಂದೆರಡು ದಿನದ ಕೆಲಸ. ಪೆಡಲ್ ಮುಂದೆ, ಗಾಲಿ ಹಿಂದೆ ಇರುವುದರಿಂದ ಎರಡೂವರೆ–ಮೂರು ಚೈನು ಜೋಡಿಸಬೇಕು, ನಡುವೆ ಜೋತುಬೀಳದಂತೆ ಒಂದು ಪುಟ್ಟ ರಾಟೆ ಕೊಡಬೇಕು. ಹೊಸಬರಿಗೆ ಮುಂದೆ ಎರಡು, ಹಿಂದೆ ಒಂದು ಗಾಲಿಯ ವಿನ್ಯಾಸ ಉತ್ತಮ, ಬೀಳುವ ಭಯವಿಲ್ಲ. ಹಿಂದಿನ ಗಾಲಿಗೆ 36 ವೋಲ್ಟಿನ 250 ವ್ಯಾಟ್ ಹಬ್ ಮೋಟಾರು, ಒಂದು ಕಂಟ್ರೋಲರ್, 10 ಆಂಪಿಯರ್-ಅವರ್ ಬ್ಯಾಟರಿ. 36ನ್ನು 10ರಿಂದ ಗುಣಿಸಿದರೆ 360 ವ್ಯಾಟ್-ಅವರ್. ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ಟಿನ ಆಸುಪಾಸು ಕರೆಂಟು ಸಾಕು. ಮೋಟಾರಿನ ಆಕ್ಸಲ್ಲನ್ನು ನಟ್ಟಿನ ಮೇಲೆ ಮಾತ್ರ ಬಿಡಬಾರದು. ಉಕ್ಕಿನ ಪಟ್ಟಿಯಿಂದ ಚೌಕಟ್ಟಿಗೆ ಕಟ್ಟದಿದ್ದರೆ ಅದು ತಾನೇ ತಿರುಗಿ ವೈರು ಹರಿದುಕೊಳ್ಳುತ್ತದೆ. ಬ್ಯಾಟರಿಗೆ ಫ್ಯೂಜ್ ಇರಲೇಬೇಕು. ಲಿಥಿಯಂ ಬ್ಯಾಟರಿಯನ್ನು ಮಕ್ಕಳು ಬಿಚ್ಚಬಾರದು.

ಲೆಕ್ಕ ಹಾಕುವವನು ವಿಜ್ಞಾನ ಶಿಕ್ಷಕ. ಚೈನಿನ ಓಟ, ಬ್ರೇಕಿನ ಹಿಡಿತ, ಕಡ್ಡಿಗಳ ಬಿಗಿತ ಬಲ್ಲವನು ಸೈಕಲ್ ಅಂಗಡಿಯ ಉಸ್ತಾದ್. ಒಬ್ಬನಿಂದ ಆಗುವ ಕೆಲಸವಲ್ಲ. ವಿಮಾನ ಹಾರಿಸಿದ ರೈಟ್ ಸಹೋದರರೂ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟವರೇ ಎಂಬುದನ್ನು ಆ ಉಸ್ತಾದರಿಗೆ ತಿಳಿಸಿದವರು ಯಾರಾದರೂ ಇದ್ದಾರೆಯೇ?

ಇಲ್ಲಿಯೂ ನಿಯಮದ ಮಾತು ಬರುತ್ತದೆ. 250 ವ್ಯಾಟಿಗಿಂತ ಕಡಿಮೆ ಶಕ್ತಿ, 25 ಕಿ.ಮೀ.ಗಿಂತ ಕಡಿಮೆ ವೇಗ, ಬ್ಯಾಟರಿ ಬಿಟ್ಟು 60 ಕಿಲೋ ಮೀರದ ತೂಕ – ಇಂಥ ವಿದ್ಯುತ್ ಸೈಕಲ್ಲನ್ನು ನಮ್ಮ ಕಾನೂನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಆದರೆ ಅದಕ್ಕೆ ಅಧಿಕೃತ ಪರೀಕ್ಷಾ ಸಂಸ್ಥೆಯ ಪ್ರಮಾಣ ಬೇಕು. ಮನೆಯಲ್ಲಿ ಮಾಡಿದ್ದಕ್ಕೆ ಆ ಕಾಗದವಿರುವುದಿಲ್ಲ. ಮೇಲಾಗಿ ತಗ್ಗಿನ ಈ ಸೈಕಲ್ ಕಬ್ಬಿನ ಲಾರಿಯ ಚಾಲಕನ ಕಣ್ಣಿಗೆ ಬೀಳುವುದೂ ಕಷ್ಟ. ಆದ್ದರಿಂದ ಹೆದ್ದಾರಿಗೆ ಒಯ್ಯುವುದು ಬೇಡ. ಹಿಂದೆ ಒಂದು ಕೋಲಿಗೆ ಎತ್ತರದ ಬಾವುಟ ಕಟ್ಟಿ, ಹ್ಯಾಂಡಲ್ಲಿಗೆ ಗಂಟೆ ಹಚ್ಚಿ, ಶಾಲೆಯ ಬೈಲಿನಲ್ಲಿ ಓಡಿಸಿದರಾಯಿತು. ಮೊಶೆಯ ಮಗ ಓಡಿಸುತ್ತಿದ್ದ ವಯಸ್ಸಿನ ಮಕ್ಕಳು ಅಲ್ಲಿಯೇ ಇದ್ದಾರೆ.