ಯೂನಿಟ್

ಕರೆಂಟು ಬಿಲ್ಲಿನಿಂದ ನಮ್ಮ ಮಾತಿಗೆ ಇಳಿದ ಪದ ಇದು. ಮೂಲ ಲ್ಯಾಟಿನ್ನಿನ ‘ಊನುಸ್’, ಅಂದರೆ ಒಂದು. ವಿದ್ಯುತ್ತಿನ ಮಟ್ಟಿಗೆ ಬ್ರಿಟನ್ನಿನಲ್ಲಿ ಹಿಂದೆ ‘ಬೋರ್ಡ್ ಆಫ್ ಟ್ರೇಡ್ ಯೂನಿಟ್’ ಎಂದರೆ ಒಂದು ಕಿಲೋವ್ಯಾಟ್-ಗಂಟೆ ಎಂದಿತ್ತು. ನಮ್ಮಲ್ಲೂ ಅದೇ ಲೆಕ್ಕ: 1000 ವ್ಯಾಟ್‌ನ ಸಾಧನ ಒಂದು ಗಂಟೆ ನಡೆದರೆ ಒಂದು ಯೂನಿಟ್. 10 ವ್ಯಾಟ್‌ನ ಎಲ್‌ಇಡಿ ಬಲ್ಬು ಅಷ್ಟನ್ನು ಬಳಸಲು 100 ಗಂಟೆ ಬೇಕು; 2000 ವ್ಯಾಟ್‌ನ ಗೀಸರಿಗೆ ಅರ್ಧ ಗಂಟೆ ಸಾಕು. ‘ಲೈಟ್ ಆರಿಸು’ ಎಂದು ಮಕ್ಕಳನ್ನು ಗದರುವ ನಾವು ಗೀಸರನ್ನು ಮಾತ್ರ ಮರೆತುಬಿಡುತ್ತೇವೆ. ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ‘ಗೃಹಜ್ಯೋತಿ’ ಬಂದ ಮೇಲೆ ‘200 ಯೂನಿಟ್’ ಮನೆಮಾತಾಯಿತು. ಆದರೆ ಯೂನಿಟ್ ಶಕ್ತಿಯ ಅಳತೆ ಎಂಬುದು ಇನ್ನೂ ಎಷ್ಟೋ ಜನರ ಗಮನಕ್ಕೆ ಬಂದಿಲ್ಲ. ನಿಮ್ಮ ಗೀಸರಿನ ಮೇಲೆ ಬರೆದಿರುವ ವ್ಯಾಟ್ ಎಷ್ಟೆಂದು ದಯವಿಟ್ಟು ಇವತ್ತೇ ಒಮ್ಮೆ ನೋಡಿ.