ಪಾರ್ನಾಸಿಯಸ್ ಕುಲದ ಪರ್ವತ ಚಿಟ್ಟೆಗಳು: ನಾಮಕರಣ ಮತ್ತು ವರ್ಗೀಕರಣ

ಪಾರ್ನಾಸಿಯಸ್ ಕುಲದ ಚಿಟ್ಟೆಗಳು ಯುರೋಪ್, ಏಷ್ಯಾ ಹಾಗೂ ಉತ್ತರ ಅಮೆರಿಕ ಖಂಡಗಳ ಶೀತ ಪ್ರದೇಶಗಳಲ್ಲಿ, ಹೆಚ್ಚಾಗಿ ಪರ್ವತಗಳಲ್ಲಿ, ಕಂಡುಬರುತ್ತವೆ. ಭಾರತದಲ್ಲಿ ಇವುಗಳ ನೆಲೆ ಹಿಮಾಲಯ.

ನಾಮಕರಣ: ಸ್ವೀಡನ್ನಿನ ವಿಜ್ಞಾನಿ ಕಾರ್ಲ್ ಲಿನ್ನೇಯಸ್ ಅವರು 1758ರಲ್ಲಿ ಇವುಗಳ ಪೈಕಿ ಒಂದಕ್ಕೆ 'ಪ್ಯಾಪಿಲಿಯೊ ಅಪೊಲೊ' ಎಂದು ಹೆಸರಿಟ್ಟರು. ಆಗ ಎಲ್ಲ ಚಿಟ್ಟೆಗಳನ್ನೂ ಪ್ಯಾಪಿಲಿಯೊ ಎಂಬ ಒಂದೇ ಕುಲದಲ್ಲಿ ಸೇರಿಸಲಾಗಿತ್ತು. 1804ರಲ್ಲಿ ಫ್ರಾನ್ಸಿನ ಲಾಟ್ರೇಯ್ ಅವರು ಪ್ರತ್ಯೇಕ ಕುಲವನ್ನು ರಚಿಸಿ, ಅಪೊಲೊ ದೇವತೆಗೆ ಮೀಸಲೆಂದು ಗ್ರೀಕರು ಭಾವಿಸಿದ್ದ ಪಾರ್ನಾಸಸ್ ಪರ್ವತದ ಹೆಸರನ್ನು ಅದಕ್ಕೆ ನೀಡಿದರು. ಪ್ರಭೇದವು ಮೂಲ ಕುಲದಿಂದ ಬೇರೆಯಾದುದರಿಂದ, 'ಪಾರ್ನಾಸಿಯಸ್ ಅಪೊಲೊ' ಎಂಬುದರ ಮುಂದೆ ಲಿನ್ನೇಯಸ್ ಹೆಸರನ್ನು ಆವರಣ ಚಿಹ್ನೆಯೊಳಗೆ ಬರೆಯುವುದು ನಿಯಮ.

ವರ್ಗೀಕರಣ: ಈ ಕುಲವು ಪ್ಯಾಪಿಲಿಯೊನಿಡೇ ಕುಟುಂಬಕ್ಕೆ ಸೇರಿದ್ದು, ಸುಮಾರು 50 ಪ್ರಭೇದಗಳನ್ನು ಒಳಗೊಂಡಿದೆ. ರೆಕ್ಕೆಯ ಚುಕ್ಕೆಗಳ ಅಲ್ಪ ವ್ಯತ್ಯಾಸವನ್ನೇ ಆಧರಿಸಿ ಸಂಗ್ರಾಹಕರು ಅಪೊಲೊ ಒಂದಕ್ಕೇ ನೂರಾರು ಉಪಪ್ರಭೇದಗಳನ್ನು ಹೆಸರಿಸಿದ್ದಾರೆ. ಆದರೆ ಚುಕ್ಕೆಗಳು ಒಂದೇ ಪ್ರಭೇದದಲ್ಲಿಯೂ ಬಹಳವಾಗಿ ಬದಲಾಗುತ್ತವೆ. ಆದ್ದರಿಂದ ಮಿಲನದ ನಂತರ ಗಂಡು ಚಿಟ್ಟೆಯು ಹೆಣ್ಣಿನ ಉದರಕ್ಕೆ ಅಂಟಿಸುವ ಗಟ್ಟಿ ಮುಚ್ಚಳದ ಆಕಾರ, ಮರಿಹುಳುವಿನ ಆಹಾರ ಸಸ್ಯ ಹಾಗೂ ಡಿಎನ್‌ಎ ಇವುಗಳನ್ನೂ ಪರಿಗಣಿಸಲಾಗುತ್ತದೆ. ಇದರಂತೆ ಕುಲವನ್ನು ಹಲವು ಉಪಕುಲಗಳಾಗಿ ವಿಂಗಡಿಸಲಾಗಿದ್ದು, ಅವುಗಳಲ್ಲಿ ಒಂದರ ಹೆಸರು ಕೈಲಾಸಿಯಸ್.

ಮಹತ್ವ: ವನ್ಯಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ 1973ರ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಅಪೊಲೊ ಚಿಟ್ಟೆಯು ವೈಜ್ಞಾನಿಕ ಹೆಸರಿನಿಂದಲೇ ನಮೂದಾಗಿದೆ. ಬೇರೆ ಹೆಸರಿನಲ್ಲಿ ಸಾಗಿಸಲ್ಪಟ್ಟ ಚಿಟ್ಟೆಯು ತಪಾಸಣೆಯಿಂದ ತಪ್ಪಿಸಿಕೊಳ್ಳುವ ಸಂಭವವಿರುತ್ತದೆ. ಆದಕಾರಣ ಸರಿಯಾದ ನಾಮಕರಣವು ಸಂರಕ್ಷಣೆಯ ಮೊದಲ ಹಂತವಾಗಿರುತ್ತದೆ.